ಕಡಲಿಗೆ ಇಳಿಯುವ ಮುನ್ನ ಬಾವುಟ ನೋಡಿ

ರಜೆ ಸಿಕ್ಕರೆ ಸಾಕು, ಚಿಮ್ಮಡ, ರಬಕವಿ, ಬನಹಟ್ಟಿ ಕಡೆಯ ಕುಟುಂಬಗಳು ಗಾಡಿ ಮಾಡಿಕೊಂಡು ಕರಾವಳಿಗೆ ಹೊರಡುತ್ತವೆ. ನಮ್ಮ ಹುಡುಗರು ಬಾವಿಯಲ್ಲಿ, ಕೃಷ್ಣಾ ನದಿಯಲ್ಲಿ ಈಜು ಕಲಿತವರು. ಅದೇ ಧೈರ್ಯದಲ್ಲಿ ಸಮುದ್ರಕ್ಕೂ ಇಳಿಯುತ್ತಾರೆ. ಅಪಾಯ ಇರುವುದು ಅಲ್ಲಿಯೇ.

ಶುಚಿಯಾದ, ಸುರಕ್ಷಿತವಾದ ಕಡಲತೀರಗಳಿಗೆ 'ಬ್ಲೂ ಫ್ಲ್ಯಾಗ್' ಎಂಬ ಅಂತಾರಾಷ್ಟ್ರೀಯ ಮಾನ್ಯತೆ ಇದೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿರುವ ಸಂಸ್ಥೆಯೊಂದು ಇದನ್ನು ಕೊಡುತ್ತದೆ. 2020ರಲ್ಲಿ ಭಾರತದ 8 ತೀರಗಳಿಗೆ ಇದು ದೊರೆಯಿತು. ಅವುಗಳಲ್ಲಿ ಎರಡು ನಮ್ಮ ರಾಜ್ಯದವು: ಹೊನ್ನಾವರದ ಕಾಸರಕೋಡ ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಪರಿಸರ ಶಿಕ್ಷಣ, ನೀರಿನ ಗುಣಮಟ್ಟ, ತೀರದ ನಿರ್ವಹಣೆ, ಸುರಕ್ಷತೆ ಎಂಬ ನಾಲ್ಕು ವಿಭಾಗಗಳಲ್ಲಿ 33 ಮಾನದಂಡಗಳನ್ನು ಪಾಲಿಸಬೇಕು. ಮಾನ್ಯತೆ ಶಾಶ್ವತವಲ್ಲ, ನವೀಕರಿಸಬೇಕು. ನಿಯಮ ತಪ್ಪಿದರೆ ಬಾವುಟ ಇಳಿಸಬೇಕು.

ವೈದ್ಯನಾಗಿ ನಾನು ಮೊದಲು ನೋಡುವುದು ನೀರನ್ನು. ಆರೋಗ್ಯಕ್ಕೆ ಅನಿವಾರ್ಯವೆಂದು ಯುನಾನಿ ಹೇಳುವ ಆರು ಅಂಶಗಳಲ್ಲಿ ಗಾಳಿಯ ನಂತರ ಬರುವುದೇ ಆಹಾರ ಮತ್ತು ನೀರು. ಕಣ್ಣಿಗೆ ತಿಳಿಯಾಗಿ ಕಂಡ ನೀರು ಶುದ್ಧವೆಂದು ನಂಬಬೇಡಿ. ಚರಂಡಿ ನೀರು ಸೇರಿದ ಕಡೆ ಸ್ನಾನ ಮಾಡಿದರೆ ವಾಂತಿ-ಭೇದಿ, ಕಿವಿನೋವು, ಚರ್ಮದ ತುರಿಕೆ ಬರಬಹುದು. ಆದ್ದರಿಂದಲೇ ಈ ತೀರಗಳಲ್ಲಿ ಈಜುವ ಋತುವಿನಲ್ಲಿ ಕನಿಷ್ಠ ತಿಂಗಳಿಗೊಮ್ಮೆ ನೀರನ್ನು ಪರೀಕ್ಷಿಸಬೇಕು. 100 ಮಿಲಿಲೀಟರ್ ಸಮುದ್ರದ ನೀರಿನಲ್ಲಿ ಈ-ಕೋಲಿ ರೋಗಾಣುವಿನ ಮಿತಿ 250. ಫಲಿತಾಂಶವನ್ನು ತೀರದ ಫಲಕದಲ್ಲಿ ಹಾಕಬೇಕು. ಅದನ್ನು ಓದಿ.

ಆದರೆ ನೀಲಿ ಬಾವುಟ ತೀರದ ಗುಣ ಹೇಳುತ್ತದೆಯೇ ಹೊರತು ಆ ದಿನದ ಅಲೆಯ ಗುಣವನ್ನಲ್ಲ. ಆದ್ದರಿಂದ ಇವನ್ನು ನೆನಪಿಡಿ:

• ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಬೇಡಿ. ಕೆಂಪು-ಹಳದಿ ಬಾವುಟಗಳ ನಡುವೆ, ಜೀವರಕ್ಷಕರ ಕಣ್ಣೆದುರಿನಲ್ಲೇ ಇರಿ.

• ಮಳೆಗಾಲದಲ್ಲಿ ಸಮುದ್ರವನ್ನು ದಡದಿಂದಲೇ ನೋಡಿ.

• ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ನೇರವಾಗಿ ಈಜಿ ಸೋಲಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ, ಆಮೇಲೆ ದಡಕ್ಕೆ ತಿರುಗಿ.

• ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಜಿಗಿಯಬೇಡಿ. ಹಗ್ಗ, ಟ್ಯೂಬು, ಖಾಲಿ ಕ್ಯಾನು ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ.

• ಮೇಲೆತ್ತಿದವರ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ, 108ಕ್ಕೆ ಕರೆ ಮಾಡಿಸಿ.

ಊರಿಗೆ ಮರಳಿದ ಮೇಲೆ ನಮ್ಮ ನದಿಯ ದಡದಲ್ಲೂ ಇವೇ ಪ್ರಶ್ನೆ ಕೇಳಿ: ಚರಂಡಿ ಎಲ್ಲಿ ಸೇರುತ್ತದೆ? ಆಳ ಎಲ್ಲಿದೆ? ಹಗ್ಗ ಎಲ್ಲಿದೆ? ಮಕ್ಕಳನ್ನು ನೋಡಿಕೊಳ್ಳುವ ಹಿರಿಯರು ಯಾರು? ಉತ್ತರ ಸಿಗುವವರೆಗೆ ಮಕ್ಕಳನ್ನು ನೀರಿಗೆ ಬಿಡಬೇಡಿ.