ಹೊಳಪು ಹೆಚ್ಚಿದರೆ ಒತ್ತಡವೂ ಹೆಚ್ಚೇ?

ಪ್ರಶ್ನೆ: ಕ್ಯಾನ್ಸರ್ ಚಿಕಿತ್ಸೆಯಿಂದ ಜೀವಕೋಶದೊಳಗೆ ಉತ್ಕರ್ಷಣ ಒತ್ತಡ ಏರುತ್ತದೆ, ಸಂಶೋಧಕರು ಅದನ್ನು ಹೊಳೆಯುವ ಪ್ರೋಟೀನ್‌ಗಳಿಂದ ಅಳೆಯುತ್ತಾರೆ ಎಂದು ಓದಿದೆ. ಹೊಳಪು ಹೆಚ್ಚಾದಷ್ಟೂ ಒತ್ತಡ ಹೆಚ್ಚು ಎಂದರ್ಥವೇ?

ಉತ್ತರ: ನಿಮಗೆ ಹಾಗನ್ನಿಸಿದ್ದು ಸಹಜ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಹೊಳಪಲ್ಲ, ಎರಡು ಹೊಳಪುಗಳ ಅನುಪಾತ. ಹೇಗೆಂದು ನೋಡೋಣ.

ಮೊದಲು ಒತ್ತಡದ ವಿಷಯ. ಜೀವಕೋಶ ಆಮ್ಲಜನಕ ಬಳಸುವಾಗ ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಅಣುಗಳು ಹುಟ್ಟುತ್ತವೆ. ಗ್ಲುಟಾಥಯೋನ್ ಮುಂತಾದವು ಅವನ್ನು ಹತೋಟಿಯಲ್ಲಿಡುತ್ತವೆ. ಆ ಹತೋಟಿ ತಪ್ಪಿದ ಸ್ಥಿತಿಯೇ ಉತ್ಕರ್ಷಣ ಒತ್ತಡ. ಹಲವು ಕ್ಯಾನ್ಸರ್ ಕೋಶಗಳಲ್ಲಿ ಅದು ಮೊದಲೇ ಹೆಚ್ಚಿರುತ್ತದೆ. ವಿಕಿರಣ ಚಿಕಿತ್ಸೆ, ಸಿಸ್‌ಪ್ಲಾಟಿನ್‌ನಂತಹ ಔಷಧಗಳು ಇನ್ನಷ್ಟು ಏರಿಸುತ್ತವೆ.

ಇನ್ನು ಅಳೆಯುವ ಸಾಧನ. ಜೆಲ್ಲಿ ಮೀನಿನಲ್ಲಿ ಸಿಕ್ಕ ಹಸಿರು ಪ್ರೋಟೀನ್ ಜಿಎಫ್‌ಪಿಯ ಸಂಶೋಧನೆಗೆ 2008ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅದರಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಎರಡು ಘಟಕಗಳನ್ನು ಅಕ್ಕಪಕ್ಕ ಸೇರಿಸಿದ ರೂಪವೇ ಆರ್‌ಒಜಿಎಫ್‌ಪಿ. ಉತ್ಕರ್ಷಣವಾದಾಗ ಆ ಸಿಸ್ಟೀನ್‌ಗಳ ಗಂಧಕದ ಪರಮಾಣುಗಳು ಬೆಸೆದುಕೊಳ್ಳುತ್ತವೆ. ಆಗ ಸುಮಾರು 400 ನ್ಯಾನೋಮೀಟರ್‌ನ ನೇರಳೆ ಬೆಳಕು ಬಿಟ್ಟರೆ ಹೊಮ್ಮುವ ಹಸಿರು ಹೆಚ್ಚುತ್ತದೆ, 490ರ ನೀಲಿ ಬೆಳಕು ಬಿಟ್ಟರೆ ಹೊಮ್ಮುವ ಹಸಿರು ಕುಗ್ಗುತ್ತದೆ. ಯೀಸ್ಟ್‌ನ ಓಆರ್‌ಪಿ1 ಎಂಬ ಪ್ರೋಟೀನನ್ನು ಇದಕ್ಕೆ ಜೋಡಿಸಿದರೆ, ಅದು ಹೈಡ್ರೋಜನ್ ಪೆರಾಕ್ಸೈಡನ್ನೇ ಗುರುತಿಸುತ್ತದೆ.

ನಿಮ್ಮ ಸಂದೇಹ ಬಗೆಹರಿಯುವುದು ಇಲ್ಲಿ. ಒಂದು ಕೋಶ ಈ ಪ್ರೋಟೀನನ್ನು ಹೆಚ್ಚು ತಯಾರಿಸಿದ್ದರೆ, ಒತ್ತಡ ಇಲ್ಲದೆಯೂ ಹೆಚ್ಚು ಹೊಳೆಯುತ್ತದೆ. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ಅದೇ ಕೋಶದ ಎರಡು ಚಿತ್ರ ತೆಗೆಯುತ್ತಾರೆ, ನೇರಳೆಯಲ್ಲೊಂದು, ನೀಲಿಯಲ್ಲೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಪ್ರೋಟೀನ್‌ನ ಪ್ರಮಾಣ ಲೆಕ್ಕದಿಂದ ಹೊರಬೀಳುತ್ತದೆ. ಪ್ರಯೋಗದ ಕೊನೆಗೆ ಡಿಟಿಟಿ ಎಂಬ ರಾಸಾಯನಿಕ ಹಾಕಿ ಕನಿಷ್ಠ ಅನುಪಾತವನ್ನೂ, ಪೆರಾಕ್ಸೈಡ್ ಹಾಕಿ ಗರಿಷ್ಠವನ್ನೂ ಗುರುತು ಮಾಡಿಕೊಳ್ಳುತ್ತಾರೆ. ಔಷಧದ ಪರಿಣಾಮವನ್ನು ಓದುವುದು ಈ ಎರಡು ಗಡಿಗಳ ನಡುವೆ. ಡಾಕ್ಸೊರುಬಿಸಿನ್‌ನಂತಹ ಔಷಧ ತಾನೇ ಕೆಂಪಾಗಿ ಹೊಳೆಯುವುದರಿಂದ, ಆರ್‌ಒಜಿಎಫ್‌ಪಿ ಇಲ್ಲದ ಕೋಶಗಳಿಗೂ ಅದೇ ಔಷಧ ಕೊಟ್ಟು ಹೋಲಿಸಬೇಕಾಗುತ್ತದೆ.

ಈ ಒತ್ತಡ ಅಳೆಯಲು ಬಹುಕಾಲದಿಂದ ಬಳಕೆಯಲ್ಲಿರುವ ಡಿಸಿಎಫ್‌ಡಿಎ ಬಣ್ಣ ಒಮ್ಮೆ ಉತ್ಕರ್ಷಣಗೊಂಡರೆ ಹಿಂದಕ್ಕೆ ಬರುವುದಿಲ್ಲ. ಆರ್‌ಒಜಿಎಫ್‌ಪಿಯ ಬೆಸುಗೆಯಾದರೋ ಬಿಡಿಸಿಕೊಳ್ಳಬಲ್ಲದು. ಹಾಗಾಗಿ ಔಷಧ ಕೊಟ್ಟ ಮೇಲೆ ಏರಿದ ಅನುಪಾತ ಮತ್ತೆ ಇಳಿದರೆ, ಆ ಕ್ಯಾನ್ಸರ್ ಕೋಶ ಚೇತರಿಸಿಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ಕೆಲವು ಕೋಶಗಳು ಔಷಧಕ್ಕೆ ಏಕೆ ಬಗ್ಗುವುದಿಲ್ಲ ಎಂದು ಹುಡುಕುವವರಿಗೆ ಬೇಕಾದ ಸುಳಿವೇ ಅದು.