ಬ್ಯಾಟರಿ ಕೆಲಸಕ್ಕೆ ಇಳಿಯುವ ಮುನ್ನ

ಸೋಲಾರ್ ಕೆಲಸಕ್ಕೆ ಸೇರುತ್ತಿದ್ದೀಯ, ಸಂತೋಷ. ಎಲ್ಲರ ಕಣ್ಣೂ ಛಾವಣಿಯ ಪ್ಯಾನೆಲ್ ಮೇಲೇ ಇರುತ್ತದೆ. ನೀನು ಮೊದಲು ಬ್ಯಾಟರಿ ಇಟ್ಟ ಮೂಲೆಗೆ ಹೋಗು. ಬಿಸಿಲಿನಿಂದ ಕರೆಂಟ್ ಮಾಡುವುದನ್ನು ನಮ್ಮ ರಾಜ್ಯ ಚೆನ್ನಾಗಿಯೇ ಕಲಿತಿದೆ. ಪಾವಗಡದ ತಿರುಮಣಿ, ವಳ್ಳೂರು ಸುತ್ತಮುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೆ ಸಂಜೆ ಏಳಕ್ಕೆ, ಮನೆಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಶುರುವಾಗುವ ಹೊತ್ತಿಗೆ, ಅಲ್ಲಿಂದ ಒಂದು ಯೂನಿಟ್ಟೂ ಬರುವುದಿಲ್ಲ.

ಹಳ್ಳಿ ಮನೆಗಳಲ್ಲಿ ನಿನಗೆ ಮೊದಲು ಸಿಗುವುದು ಸೀಸ-ಆಮ್ಲದ ಬ್ಯಾಟರಿ. ಅದನ್ನು ಹಳೆಯದೆಂದು ತಾತ್ಸಾರ ಮಾಡಬೇಡ. ಮುಚ್ಚಳ ತೆಗೆದು ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದು. ತುಂಬಿದ ಬ್ಯಾಟರಿ 1.24ರ ಆಸುಪಾಸು ತೋರಿಸುತ್ತದೆ, 1.15ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ತಳ ಕಂಡಿದೆ ಎಂದರ್ಥ. ಟರ್ಮಿನಲ್ ಮೇಲೆ ಬಿಳಿ-ಹಸಿರು ಹುಡಿ ಕಟ್ಟಿದ್ದರೆ ಬಿಸಿನೀರಲ್ಲಿ ತೊಳೆದು, ಒರೆಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚು. ಡಿಸ್ಟಿಲ್ಡ್ ವಾಟರ್ ಬಿಟ್ಟು ಕೊಳವೆಬಾವಿ ನೀರು ಹಾಕಲು ಬಿಡಬೇಡ. ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ, ಖಾಲಿಯಾದದ್ದನ್ನು ಹಾಗೇ ಬಿಟ್ಟರೆ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಸಾಯುತ್ತದೆ. ಇದನ್ನು ಮನೆಯ ಯಜಮಾನನಿಗೆ ಮಾತ್ರ ಹೇಳಿ ಬರಬೇಡ. ಸಂಜೆ ಸ್ವಿಚ್ ಹಾಕುವ ಹೆಂಗಸರಿಗೆ, ದೀಪದಡಿ ಓದುವ ಮಕ್ಕಳಿಗೆ ಹೇಳಿಕೊಡು. ಬ್ಯಾಟರಿ ಉಳಿಯುವುದು ಅವರ ಕೈಯಲ್ಲಿ.

ಲೀಥಿಯಂ ಬ್ಯಾಟರಿಯ ಕಥೆ ಬೇರೆ. 1991ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಬುನಾದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ 2019ರಲ್ಲಿ ನೊಬೆಲ್ ಸಿಕ್ಕಿತು. 2010ರಲ್ಲಿ ಕಿಲೋವ್ಯಾಟ್-ಅವರ್‌ಗೆ ಸಾವಿರ ಡಾಲರ್ ದಾಟಿದ್ದ ಪ್ಯಾಕ್ ಬೆಲೆ 2024ರ ಹೊತ್ತಿಗೆ ಸರಾಸರಿ 115 ಡಾಲರ್‌ಗೆ ಇಳಿಯಿತು. ಮನೆಗೆ ಹಾಕುವುದಾದರೆ ಐರನ್ ಫಾಸ್ಫೇಟ್ ಬಗೆಯದನ್ನೇ ಹಾಕು, ಸುಲಭಕ್ಕೆ ಕಾವೇರುವುದಿಲ್ಲ, ಸಾವಿರಾರು ಸಲ ಚಾರ್ಜ್ ತಾಳುತ್ತದೆ. ಹಾಗೆಂದು ಶೀಟಿನ ಮಾಡಿನಡಿ, ಗಾಳಿಯಾಡದ ಕಡೆ ಇಡಬೇಡ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನ ದೊಡ್ಡ ಬ್ಯಾಟರಿ ಕೇಂದ್ರಕ್ಕೆ ಬೆಂಕಿ ಬಿದ್ದು, ಸುತ್ತಲಿನ ಜನ ಮನೆ ಬಿಟ್ಟು ಹೋಗಬೇಕಾಯಿತು.

ರಾಜ್ಯಕ್ಕೇ ಬೇಕಾದಷ್ಟು ಕರೆಂಟ್ ಕೂಡಿಡುವ ಮಾತು ಬಂದಾಗ ಶರಾವತಿಯ ಹೆಸರು ಬಂದೇ ಬರುತ್ತದೆ. ಬೇಡಿಕೆ ಕಡಿಮೆಯಿದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರೆತ್ತಿ, ಬೇಡಿಕೆ ಏರಿದಾಗ ಇಳಿಸಿ 2,000 ಮೆಗಾವ್ಯಾಟ್ ಪಡೆಯುವ ಯೋಜನೆ ಅದು. ಇಂಥ ವ್ಯವಸ್ಥೆಯಲ್ಲಿ ನೀರೆತ್ತಲು ನಾಲ್ಕು ಯೂನಿಟ್ ಸುಟ್ಟರೆ ಮರಳಿ ಸಿಗುವುದು ಸುಮಾರು ಮೂರು. ಲೆಕ್ಕದಲ್ಲಿ ಇದು ಒಪ್ಪಬಹುದಾದ ನಷ್ಟ. ಆದರೆ ಆ ಜಾಗ ಸಿಂಗಳೀಕಗಳ ಅಭಯಾರಣ್ಯ. ಈಗಾಗಲೇ ಇಷ್ಟು ಅಣೆಕಟ್ಟು ಹೊತ್ತ ಕಣಿವೆಯಲ್ಲಿ ಮತ್ತೆ ಸುರಂಗ ಕೊರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನೀನು ಒಪ್ಪಲೇಬೇಕೆಂದಿಲ್ಲ; ನಕ್ಷೆ ನೋಡುವ ಮೊದಲು ಒಮ್ಮೆ ಆ ಕಾಡಲ್ಲಿ ನಡೆದು ಬಾ.

ಹೇಗೆ ಕೂಡಿಟ್ಟರೂ ಏನಾದರೊಂದು ನಷ್ಟ ಇದ್ದೇ ಇದೆ. ಅದಕ್ಕೇ ಗಿರಾಕಿ ಬ್ಯಾಟರಿ ಕೇಳಿದ ತಕ್ಷಣ ಬೆಲೆ ಹೇಳಬೇಡ. ಹಗಲಲ್ಲೇ ಮುಗಿಸಬಹುದಾದ ಕೆಲಸ ಯಾವುದು ಅಂತ ಕೇಳು. ಮೋಟರ್ ಹಗಲು ಓಡಿ ಕೃಷಿಹೊಂಡವೋ ತೊಟ್ಟಿಯೋ ತುಂಬಿದರೆ ಅಷ್ಟು ಬಿಸಿಲು ಆಗಲೇ ಕೂಡಿಟ್ಟಂತಾಯಿತು. ಹಾಲಿನ ಡೇರಿಯವರು ಮಧ್ಯಾಹ್ನವೇ ಐಸ್ ಕಟ್ಟಿಸಿಕೊಂಡರೆ ಸಂಜೆಯ ಹಾಲನ್ನು ಅದೇ ತಣಿಸುತ್ತದೆ. ಉಳಿದದ್ದಕ್ಕೆ ಎಷ್ಟು ಗಂಟೆ ಬೇಕು ಅಂತ ಬರೆದುಕೊಂಡು, ಅಷ್ಟಕ್ಕೇ ಬ್ಯಾಟರಿ ಲೆಕ್ಕ ಹಾಕು.

ಸತ್ತ ಬ್ಯಾಟರಿಯ ಬಗ್ಗೆ ಇನ್ನೊಂದು. ಅದನ್ನು ಗುಜರಿಗೆ ಹಾಕಿದರೆ ಎಲ್ಲೋ ಹಿತ್ತಲಲ್ಲಿ ಒಡೆದು, ಆಮ್ಲ ಚೆಲ್ಲಿ, ಸೀಸ ಕರಗಿಸುತ್ತಾರೆ. ಆ ಹೊಗೆ, ಆ ಮಣ್ಣಿನಿಂದ ಸೀಸ ಅಲ್ಲೇ ಆಡುವ ಮಕ್ಕಳ ರಕ್ತ ಸೇರಿ ಮಿದುಳನ್ನೇ ಕುಂದಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅದರ ವಿಲೇವಾರಿ ತಯಾರಕರ ಹೊಣೆ. ಹೊಸದನ್ನು ಕೂರಿಸಿದ ದಿನವೇ ಹಳೆಯದನ್ನು ನಿನ್ನ ಗಾಡಿಯಲ್ಲಿ ಹಾಕಿಕೊಂಡು ಬಂದು, ನೋಂದಾಯಿತ ಸಂಗ್ರಹಕಾರರಿಗೆ ಒಪ್ಪಿಸಿ ರಸೀದಿ ತೆಗೆದುಕೋ.