ಕಣ್ಣು ದಾರಿಯಲ್ಲಿ, ಕೈ ಗುಂಡಿಯಲ್ಲಿ

ಕತ್ತಲೆಯಲ್ಲಿ ಉಣ್ಣುವವನ ಕೈ ಬಾಯಿಯ ದಾರಿಯನ್ನು ತಪ್ಪುವುದಿಲ್ಲ. ಮೋಟಾರು ಗಾಡಿಯ ಚಾಲಕನ ಕೈಗೂ ಇಂತಹ ಅರಿವೇ ಬೇಕು. ಗಂಟೆಗೆ 80 ಕಿಲೋಮೀಟರು ವೇಗದ ಗಾಡಿಯು ಎರಡು ಸೆಕೆಂಡುಗಳಲ್ಲಿ ಸುಮಾರು 44 ಮೀಟರು ದೂರವನ್ನು ಕ್ರಮಿಸುತ್ತದೆ. ಅಷ್ಟು ಹೊತ್ತು ನಾವು ಗುಂಡಿಯೊಂದನ್ನು ಹುಡುಕುತ್ತಿದ್ದರೆ, ಕಣ್ಣು ಕಟ್ಟಿಕೊಂಡು ಗಾಡಿ ನಡೆಸಿದಂತೆಯೇ ಸರಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಿ-17 ವಿಮಾನವು ನೆಲಕ್ಕಿಳಿದ ಮೇಲೆ ಕೆಲವು ಚಾಲಕರು ರೆಕ್ಕೆಯ ಫ್ಲಾಪುಗಳನ್ನು ಒಳಗೆಳೆಯಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ಇದಕ್ಕೆ ಕಾರಣವೇನು? ಎರಡರ ಸ್ವಿಚ್ಚುಗಳೂ ಒಂದೇ ರೂಪದವು, ಅಕ್ಕಪಕ್ಕದವು. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸರು ಒಂದಕ್ಕೆ ಪುಟ್ಟ ರಬ್ಬರು ಚಕ್ರವನ್ನೂ ಇನ್ನೊಂದಕ್ಕೆ ಬೆಣೆಯಾಕಾರದ ತುಂಡನ್ನೂ ಜೋಡಿಸಿದರು. ಭೇದವನ್ನು ಇನ್ನು ಬೆರಳೇ ಅರಿಯಬಹುದಾಗಿತ್ತು. ದೋಷವಿದ್ದುದು ಚಾಲಕನಲ್ಲಲ್ಲ, ರಚನೆಯಲ್ಲಿ.

ಈ ಪಾಠವನ್ನು ಮರೆತಂತೆ, ಇಂದಿನ ಅನೇಕ ಕಾರುಗಳಲ್ಲಿ ಗುಂಡಿಗಳ ಸ್ಥಾನವನ್ನು ಸ್ಪರ್ಶಪರದೆಯು ಆಕ್ರಮಿಸಿದೆ. ನುಣುಪಾದ ಗಾಜಿನ ಮೇಲೆ ಬೆರಳಿಗೆ ಎಲ್ಲವೂ ಒಂದೇ. ಆದುದರಿಂದ ಕಣ್ಣು ದಾರಿಯನ್ನು ಬಿಡಲೇಬೇಕಾಗುತ್ತದೆ. 2022ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ನಾಲ್ಕು ಸಾಮಾನ್ಯ ಕೆಲಸಗಳನ್ನು ಮಾಡಿಸಿ ಹೊತ್ತನ್ನು ಅಳೆಯಿತು. ಗುಂಡಿಗಳುಳ್ಳ 2005ರ ಕಾರಿನಲ್ಲಿ ಅವು 10 ಸೆಕೆಂಡುಗಳಲ್ಲಿ ಮುಗಿದವು. ಪರದೆಯುಳ್ಳ ಹೊಸ ಕಾರೊಂದರಲ್ಲಿ 44.6 ಸೆಕೆಂಡುಗಳು ಬೇಕಾದವು. ಅಷ್ಟರಲ್ಲಿ ಗಾಡಿ ಒಂದು ಕಿಲೋಮೀಟರನ್ನೂ ಮೀರಿ ಓಡಿರುತ್ತದೆ!

ಪರದೆಯು ಭೂಪಟಕ್ಕೆ ಒಪ್ಪುತ್ತದೆ. ಮಳೆಯ ಹನಿ ಗಾಜಿಗೆ ಬಡಿದಾಗ ಬೇಕಾಗುವ ವೈಪರಿಗೆ ಒಪ್ಪದು. ಕಾರು ಕೊಳ್ಳುವ ಮುನ್ನ ವಾಚಕರು ನಿಂತ ಗಾಡಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ವೈಪರು, ದೀಪ, ಹಾರನ್ನುಗಳನ್ನು ಕೈಯಿಂದಲೇ ಹುಡುಕಿ ನೋಡಲಿ. ಕೈಗೆ ಸಿಕ್ಕದುದು ಆಪತ್ತಿಗೂ ಒದಗದು.